ಅಂಬಕ್ಕನ ಹನ್ನೊಂದು ಪುಟ

ಮಾಲಾ ನನ್ನ ಮನೆಗೆ ಬಂದದ್ದು ಒಂದು ಪತ್ರ ಬರೆಸಿಕೊಳ್ಳಲಿಕ್ಕೆ. ಬೇರೆಯವರ ಪತ್ರ ಬರೆದುಕೊಡುವ ಕೆಲಸ ನನಗೆ ಸೇರುವುದಿಲ್ಲ. ಬೈಲಹೊಂಗಲದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಊರಿನವರೆಲ್ಲ ನನ್ನನ್ನು ಪುಕ್ಕಟೆ ಅರ್ಜಿ ಬರೆಯುವವಳು ಎಂದು ತಿಳಿದುಬಿಟ್ಟಿದ್ದಾರೆ. ತಹಶೀಲ್ದಾರರಿಗೆ ಒಂದು, ಮಗನ ಹಾಸ್ಟೆಲ್ಲಿಗೆ ಒಂದು. "ಇಂದಿರಾಬಾಯಿ ಅಕ್ಕೋರ, ನಾಕ ಸಾಲು ಅಷ್ಟರಿ" ಅನ್ನುತ್ತಾರೆ. ಆ ನಾಲ್ಕು ಸಾಲಿಗೆ ನಾಲ್ಕು ತಾಸು ಅವರ ಸಂಸಾರದ ಕತೆ ಕೇಳಬೇಕು. ಹಾಗಾಗಿ ಆ ಜೂನ್ ತಿಂಗಳ ಮಧ್ಯಾಹ್ನ ಬಾಗಿಲಲ್ಲಿ ಮಾಲಾ ನಿಂತಾಗ ಮುಖ ಸಿಂಡರಿಸಿಕೊಂಡೇ ಒಳಗೆ ಕರೆದೆ.

ಅವಳು ಯಾರೆಂದು ನನಗೆ ಗೊತ್ತಿತ್ತು. ಹಿಂದಿನ ಓಣಿಯವಳು. ಮಗಳು ಸ್ನೇಹಲ್ ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದಳು. ಮುರಗೋಡದ ಕಾಡವ್ವನ ಮಗಳು ಮಾಲಾ ಅಂದರೆ ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹಳ್ಳಿಗಳಲ್ಲಿ ನಾಟಕ ನೋಡುವವರಿಗೆಲ್ಲ ಪರಿಚಯ. ನಮ್ಮ ಕಡೆ ಹಳ್ಳಿಯ ಗಂಡಸರು ಸೇರಿ ನಾಟಕ ಕಟ್ಟುತ್ತಾರೆ. ಹೆಣ್ಣಿನ ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಗೆ ಕರೆಸಿಕೊಂಡು ಇಪ್ಪತ್ತೆರಡು ವರ್ಷ ನಾಯಕಿಯಾದವಳು ಮಾಲಾ. ನಮ್ಮ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಮೂರು ತಿಂಗಳು ಕೂತಿದ್ದಳಂತೆ, ನನ್ನ ಕ್ಲಾಸಿನಲ್ಲಿಯೇ. ನನಗೆ ನೆನಪಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾಲೇಜು ಬಿಟ್ಟು ಬಣ್ಣ ಹಚ್ಚಿದಳು. ಈಗ ಅವಳಿಗೆ ನಲವತ್ತಮೂರು.

"ಅಕ್ಕೋರ, ನನಗ ಆ ಪಾರ್ಟು ಬ್ಯಾಡ ಅಂತ ಒಂದ ಪತ್ರಾ ಬರದ ಕೊಡ್ರಿ," ಅಂದಳು.

"ಫೋನ್ ಮಾಡಿ ಹೇಳ್ಲಿಕ್ಕೆ ಏನಾಗೇದ?"

"ಸುರೇಬಾನದ ಸೋಮಪ್ಪಣ್ಣಾರಿಗೆ ಹೇಳಬೇಕ್ರಿ. ಫೋನಿನ್ಯಾಗ ಅವರು 'ನೀ ನಮ್ಮ ಮನಿ ಮಗಳಿದ್ದಂಗ ಬೇ ಯವ್ವಾ' ಅಂದ್ರ ನಾ ಹೂಂ ಅಂದಬಿಡತೇನಿ. ಮೂರ ಸಲಾ ಹಂಗ ಆಗೇತಿ."

ಸೋಮಪ್ಪ ಅಂದರೆ ಸುರೇಬಾನದ ನಾಟಕ ಸಂಘದ ಹಿರಿಯ, ಗೊಬ್ಬರದ ಅಂಗಡಿಯವ. ಅವರ ಸಂಘಕ್ಕೆ 'ಸುಳ್ಳು ಸುಬೇದಾರ' ಎಂಬ ನಾಟಕ ಅಂದರೆ ಪ್ರಾಣ. ಬರುವ ಜನವರಿಯಲ್ಲಿ ಊರ ಸಾಲಿಯ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡುವವರಿದ್ದರು, ಅಲ್ಲಿ ಮತ್ತೆ ಅದೇ ನಾಟಕ. ಹನ್ನೆರಡು ವರ್ಷ ಅದರಲ್ಲಿ ನಾಯಕಿ ಚಂಪಾ ಆಗಿದ್ದವಳು ಮಾಲಾ. ಈ ಸಲ ಚಂಪಾ ಪಾತ್ರಕ್ಕೆ ಸವದತ್ತಿಯ ಇಪ್ಪತ್ತೆರಡರ ಹುಡುಗಿ ಮಹಾನಂದಾಳನ್ನು ಗೊತ್ತುಮಾಡಿ, ಮಾಲಾಳಿಗೆ ಚಂಪಾಳ ಸೋದರತ್ತೆಯ ಪಾತ್ರ ಕೊಟ್ಟಿದ್ದರು. ವಿಧವೆ ಅಂಬಕ್ಕ. ನಾಟಕದ ನಗೆಪಾತ್ರ.

"ಕಡೀ ಅಂಕದಾಗ ಸುಬೇದಾರ ಅಂಬಕ್ಕನ ವಿಗ್ಗಾ ಎಳೀತಾನ್ರಿ. ಬೋಳ ತಲಿ ಕಾಣತೈತಿ. ಆಕಿ ತಲಿ ಮ್ಯಾಲ ಕೈ ಇಟಗೊಂಡ ಚೀರಕೋಂತ ಒಳಗ ಓಡಬೇಕು. ಮಂದಿ ಬಿದ್ದ ಬಿದ್ದ ನಗತಾರ. ಹನ್ನೆರಡ ವರ್ಷ ನಾನೂ ಬಾಜೂಕ ನಿಂತ ನಕ್ಕೇನ್ರಿ, ಸುಳ್ಳ್ಯಾಕ ಹೇಳ್ಲಿ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾಟಕಾ ಬಿಟ್ಟರ ನನಗ ಬ್ಯಾರೆ ಏನೂ ಬರೂದಿಲ್ಲ ಅಕ್ಕೋರ. ಆದ್ರ ಹಂಗ ಓಡಿ, ಮರುದಿನಾ ಅದ ಮಂದಿ ಜೋಡಿ ಬಸ್ಸಿನ್ಯಾಗ ಹೆಂಗ ಕುಂದರಲಿ? ನಾ ಸ್ಟೇಜ್ ಬಿಡತೇನಿ. ಬಿಡತೇನಿ ಖರೆ, ಓಡೂದಿಲ್ಲ."

ಅಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ನನಗೂ ಅಳು ಬರುತ್ತದೆ. "ಪಾರ್ಟು ನೋಡದ ನಾ ಏನಂತ ಬರೀಲಿ? ತೊಗೊಂಡ ಬಾ ಇಲ್ಲೆ," ಎಂದು ಗದರಿದೆ.

ಚೀಲದಿಂದ ಒಂದು ನೋಟಬುಕ್ಕು ತೆಗೆದಳು. ನಾಟಕದ ಪುಸ್ತಕ ಅಲ್ಲ ಅದು. ಇಡೀ ನಾಟಕ ಇರುವುದು ಸೋಮಪ್ಪನ ಹತ್ತಿರ, ಕೈಬರಹದ ಒಂದೇ ಪ್ರತಿ. ಕಲಾವಿದೆಗೆ ಸಿಗುವುದು ಅವಳ ಪಾರ್ಟು ಮಾತ್ರ, ಅಂದರೆ ಅವಳ ಮಾತುಗಳು ಪೂರ್ತಿ, ಪ್ರತಿ ಮಾತಿನ ಮೇಲೆ ಎದುರಿನವರು ಆಡುವ ಕೊನೆಯ ಎರಡು ಶಬ್ದ. ಆ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ತನ್ನ ಮಾತು ಆರಂಭಿಸಬೇಕು. ನಡುವೆ ಏನು ನಡೆಯಿತು ಎಂಬುದು ತಾಲೀಮಿನಲ್ಲಿ ಗೊತ್ತಾದರೆ ಗೊತ್ತಾಯಿತು, ಇಲ್ಲದಿದ್ದರೆ ಇಲ್ಲ. ನಾಟಕ ಓದುವ ಇಂಥ ರೀತಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ಓದು," ಅಂದೆ.

ಅವಳು ಓದಿದಳು. ಐದು ನಿಮಿಷ ಆಗಿರಲಿಕ್ಕಿಲ್ಲ, ನನ್ನ ಕಿವಿ ನೆಟ್ಟಗಾಯಿತು. ಸುಬೇದಾರ ಎಂದು ಸುಳ್ಳು ಹೇಳಿಕೊಂಡು ಹೆಣ್ಣು ಕೇಳಲು ಬರುವ ಹುಡುಗ, ಗಂಡ ಮಿಲಿಟರಿಯಲ್ಲಿದ್ದು ತೀರಿಕೊಂಡ ಅತ್ತೆ, ಅವಳ ಮನೆಯಲ್ಲಿ ಬಂದು ಕೂತ ಅಣ್ಣ, ಅಣ್ಣನ ಮಗಳು. ಇದು ನನಗೆ ಗೊತ್ತಿದ್ದ ನಾಟಕ! ಎದ್ದು ಹೋಗಿ ಕಪಾಟಿನ ಕೆಳಗಿನ ಸಾಲಿನಿಂದ ಒಂದು ಹಳೆಯ ಪುಸ್ತಕ ಎಳೆದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಲ್ಲಿ ಆಡುತ್ತಿದ್ದ ಒಂದು ಹಾಸ್ಯನಾಟಕ. ಅದರಲ್ಲಿ ಹುಡುಗ ಸಮುದ್ರವನ್ನೇ ಕಾಣದ ಸುಳ್ಳು ಕಪ್ತಾನ, ಅತ್ತೆ ನಿಜವಾದ ಕಪ್ತಾನನ ವಿಧವೆ. ನೂರು ವರ್ಷದ ಹಿಂದೆ ಸುರೇಬಾನದ ಯಾವನೋ ಸಾಲಿ ಮಾಸ್ತರ ಹಡಗನ್ನು ತೆಗೆದು ಪಲ್ಟನ್ನು ಇಟ್ಟು ಕನ್ನಡ ಮಾಡಿಬಿಟ್ಟಿದ್ದ. ಆ ಇಂಗ್ಲಿಷ್ ನಾಟಕವನ್ನು ನಾನು ಹತ್ತೊಂಬತ್ತು ವರ್ಷ ಕಲಿಸಿದ್ದೆ. ಆ ಅತ್ತೆಯ ಬಗ್ಗೆ ಪ್ರತಿವರ್ಷ ಎರಡು ಮಾರ್ಕಿನ ಒಂದು ಪ್ರಶ್ನೆ ಇರುತ್ತಿತ್ತು. "ಈ ಪಾತ್ರ ಇರುವುದು ಪ್ರೇಕ್ಷಕರನ್ನು ನಗಿಸಲಿಕ್ಕೆ ಮಾತ್ರ" ಎಂದು ನಾನು ಬರೆಸುತ್ತಿದ್ದೆ, ಹುಡುಗರು ಬರೆಯುತ್ತಿದ್ದರು, ನಾನು ಟಿಕ್ ಹಾಕುತ್ತಿದ್ದೆ.

ಮಾಲಾ ಎರಡನೆಯ ಅಂಕಕ್ಕೆ ಬಂದಿದ್ದಳು. ಅಲ್ಲಿ ಅಂಬಕ್ಕ ಸುಬೇದಾರನಿಗೆ ಮೂರು ಪ್ರಶ್ನೆ ಕೇಳುತ್ತಾಳೆ. ನಿಮ್ಮ ಪಲ್ಟನ್ ಯಾವುದು? ಮುಂಜಾನೆ ಬಿಗಲ್ ಎಷ್ಟಕ್ಕೆ ಊದುತ್ತಾರೆ? ರಜೆಯ ಚೀಟಿಯ ಮೇಲೆ ಯಾರ ಸಹಿ ಇರುತ್ತದೆ? ಪ್ರತಿ ಪ್ರಶ್ನೆಗೂ ಅವನು ಒಂದು ಉದ್ದನೆಯ ತಮಾಷೆ ಹೊಡೆಯುತ್ತಾನೆ, ಜನ ನಗುತ್ತಾರೆ, ಮುದುಕಿ ದಡ್ಡಿಯಂತೆ ಕಾಣುತ್ತಾಳೆ. ಆದರೆ ಮಾಲಾಳ ನೋಟಬುಕ್ಕಿನಲ್ಲಿ ಅವನ ತಮಾಷೆಯೇ ಇಲ್ಲ. ಬರೀ ಎರಡೆರಡು ಶಬ್ದ. ಹಾಗಾಗಿ ಪ್ರಶ್ನೆಗಳು ಒಂದರ ಹಿಂದೊಂದು ಬಂದು ನಿಂತವು. ಮಾಲಾ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕೋರ, ಈಕಿ ಹುಚ್ಚಿ ಅಲ್ರಿ."

"ಮತ್ತ?"

"ಗಂಡ ಮಿಲಿಟರಿಯಾಗ ಇದ್ದಾಂವ. ಬಿಗಲ್ ಎಷ್ಟಕ್ಕ ಊದತಾರ ಅಂತ ಈಕಿಗೆ ಗೊತ್ತಿರೂದಿಲ್ಲೇನು? ಗೊತ್ತಿದ್ದ ಕೇಳಾಕ ಹತ್ತ್ಯಾಳ. ಪರೀಕ್ಷಾ ತಗೊಳ್ಳಾಕ ಹತ್ತ್ಯಾಳ್ರಿ ಆಕಿ!"

ನಾನು ಇಂಗ್ಲಿಷ್ ಪುಸ್ತಕ ತೆರೆದೆ. ಅಲ್ಲಿಯೂ ಮೂರು ಪ್ರಶ್ನೆ, ಹಡಗಿನ ಬಗ್ಗೆ. ನಾನೂ ಪೆನ್ಸಿಲ್ಲು ತೆಗೆದುಕೊಂಡು ಅವನ ಮಾತುಗಳ ಮೇಲೆ ಗೀಟು ಹಾಕುತ್ತ ಹೋದೆ. ಹೌದು. ಮನೆಯಲ್ಲಿ ಉಳಿದವರೆಲ್ಲ ಮೋಸ ಹೋಗಿದ್ದರು, ಅವಳೊಬ್ಬಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಹತ್ತೊಂಬತ್ತು ವರ್ಷ ನಾನೇನು ಕಣ್ಣು ಮುಚ್ಚಿಕೊಂಡು ಓದಿದ್ದೆನೇ? ನಾಚಿಕೆಯಾಯಿತು. ಆ ಹುಡುಗನ ಚತುರ ಮಾತಿಗೆ ನಾನೂ ಮರುಳಾಗಿದ್ದೆ, ಅಷ್ಟೇ.

ಆಮೇಲೆ ಕೊನೆಯ ಅಂಕ. ಮಾಲಾಳ ನೋಟಬುಕ್ಕಿನಲ್ಲಿ ವಿಗ್ಗು ಎಳೆದ ಮೇಲೆ "ಚೀರಿ ಓಡುವುದು" ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಇಂಗ್ಲಿಷಿನಲ್ಲಿ ಏನಿದೆ ಎಂದು ಕೇಳಿದಳು. ನೋಡಿದೆ. ಅಲ್ಲಿ ಅವಳ ಹಣೆಯ ಮೇಲಿನ ಸುಳ್ಳು ಗುಂಗುರು ಕೂದಲು ಜಾರಿ ಬೀಳುತ್ತದೆ. ಎಲ್ಲರೂ ನಗುತ್ತಾರೆ. ಅವಳು ಓಡುವುದಿಲ್ಲ, ಅಲ್ಲೇ ಇರುತ್ತಾಳೆ. ಹಾಗೆ ಹನ್ನೊಂದು ಪುಟ. ಅಷ್ಟರಲ್ಲಿ ಹುಡುಗನ ಸುಳ್ಳಿಗೆ ಕ್ಷಮೆ ಸಿಗುತ್ತದೆ, ಮದುವೆ ಗೊತ್ತಾಗುತ್ತದೆ, ಅವಳ ಅಣ್ಣ ಆ ಮನೆಯನ್ನೇ ಮಗಳಿಗೆ ಬಳುವಳಿಯಾಗಿ ಬರೆಯುತ್ತಾನೆ. ಅವಳಿಗೆ ಒಂದು ಮಾತೂ ಇಲ್ಲ.

"ಹನ್ನೊಂದ ಪುಟಾ ಅಲ್ಲೇ ನಿಂತಾಳೇನ್ರಿ?" ಮಾಲಾ ದಂಗಾದಳು. "ಮನಿ ಆಕೀದು, ಕೊಡಾಂವ ಬ್ಯಾರೆ! ಆಕಿಗೆ ಒಬ್ಬರೂ ಒಂದ ಮಾತ ಕೇಳೂದಿಲ್ಲ?"

"ಕೇಳೂದಿಲ್ಲ."

"ನಮ್ಮ ಮಾಸ್ತರ ಓಡಿಸಿಬಿಟ್ಟಾನ. ಲಂಡನ್ನಿನವರು ನಿಂದರಿಸಿ ಮರತಬಿಟ್ಟಾರ," ಅಂದಳು. ಆ ದಿನ ಪತ್ರ ಬರೆಯಲಿಲ್ಲ.

ಆಮೇಲೆ ಪ್ರತಿ ಗುರುವಾರ ಮಧ್ಯಾಹ್ನ ಬರತೊಡಗಿದಳು. ಕಪಾಟಿನಲ್ಲಿ ಆ ಕಾಲದ ಇನ್ನೂ ಐದು ಹಾಸ್ಯನಾಟಕ ಇದ್ದವು. ನಾನು ಇಂಗ್ಲಿಷಿನಿಂದ ಹೇಳುತ್ತಿದ್ದೆ, ಅವಳು ಹೆಂಗಸರ ಪಾರ್ಟು ಮಾತ್ರ ಬರೆದುಕೊಳ್ಳುತ್ತಿದ್ದಳು. ಒಂದರಲ್ಲಿ ಮನೆಗೆಲಸದವಳು ಹದಿನಾಲ್ಕು ಸಲ ರಂಗದ ಮೇಲೆ ಬರುತ್ತಾಳೆ, ಹದಿನಾಲ್ಕೂ ಸಲ ಯಾರೋ ಬಂದಿದ್ದಾರೆಂದು ಹೇಳಿ ಹೋಗುತ್ತಾಳೆ. "ಎಲ್ಲಾರ ಗುಟ್ಟೂ ಈಕಿಗೇ ಗೊತ್ತಿರಬೇಕ್ರಿ, ಬಾಗಲದಾಗ ಇರಾಕಿ ಈಕೀನ ಅಲ್ಲ" ಅಂದಳು ಮಾಲಾ. ಇನ್ನೊಂದರಲ್ಲಿ ಜಾಣ ಹುಡುಗಿ. ಮೊದಲ ಎರಡು ಅಂಕ ಎಲ್ಲ ಗಂಡಸರ ಬಾಯಿ ಮುಚ್ಚಿಸುತ್ತಾಳೆ, ಮೂರನೆಯದರಲ್ಲಿ "ಹೌದು ಅಪ್ಪಾ" ಎಂಬುದೊಂದೇ ಅವಳ ಮಾತು. ಅದನ್ನು ಬರೆದುಕೊಂಡು ಮಾಲಾ ಪೆನ್ನು ಕೆಳಗಿಟ್ಟು, "ಈಕಿಗೆ ನಡುವ ಯಾರರ ಏನರ ಮಾಡಿದ್ರೇನ್ರಿ, ಜ್ವರಾ ಬಂದಿತ್ತೇನು?" ಎಂದು ಕೇಳಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿವೃತ್ತಳಾದ ಮೇಲೆ ನಾನು ಅಷ್ಟು ಸಂತೋಷದಿಂದ ಓದಿದ್ದೇ ಇಲ್ಲ.

ಧಾರವಾಡದಲ್ಲಿ ನನ್ನ ತಮ್ಮನ ಮಗಳು ಶ್ರದ್ಧಾ ಇದೇ ನಾಟಕಗಳ ಸ್ತ್ರೀಪಾತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆತ್ಯಾ, ಅದಕ್ಕ ನಾವು ಸ್ತ್ರೀವಾದಿ ಓದು ಅಂತೀವಿ," ಅಂದಳು.

"ನಮ್ಮ ಮಾಲಾ ಅದಕ್ಕ ಪಾರ್ಟು ಬರಕೊಳ್ಳೂದು ಅಂತಾಳ. ನಿನ್ನ ಪ್ರಬಂಧದಾಗ ಆಕಿ ಹೆಸರು ಬರಲಿಲ್ಲಂದ್ರ ನಮ್ಮ ಮನಿಗೆ ಬರಬ್ಯಾಡ ನೀ," ಎಂದು ಫೋನ್ ಇಟ್ಟೆ.

ಒಂದು ಮಾತನ್ನು ಮಾತ್ರ ಮಾಲಾಳಿಗೆ ಹೇಳಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ನಮ್ಮ ಅಜ್ಜನ ತಂಗಿಯೊಬ್ಬರು ಸವದತ್ತಿಯ ಮನೆಯಲ್ಲಿದ್ದರು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡವರು. ಕೆಂಪು ಸೀರೆ, ಬೋಳು ತಲೆ, ತಲೆಯ ಮೇಲೆ ಸದಾ ಸೆರಗು. ನನಗೆ ಏಳು ವರ್ಷ ಇದ್ದಾಗ ಒಂದು ಮದುವೆಯ ಊಟದ ಪಂಕ್ತಿಯ ಎದುರಿಗೆ ಆಟ ಎಂದುಕೊಂಡು ಹಿಂದಿನಿಂದ ಅವರ ಸೆರಗು ಎಳೆದುಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವರು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಳಗೆ ಓಡಿದರು. ನನಗೆ ಯಾರೂ ಬಯ್ಯಲಿಲ್ಲ. ಇದನ್ನು ಹೇಳಿ ನಾನು ಅತ್ತುಬಿಟ್ಟೆ. ಮಾಲಾ ಸಮಾಧಾನ ಮಾಡಲಿಲ್ಲ. ನೋಟಬುಕ್ಕು ಹತ್ತಿರ ಎಳೆದುಕೊಂಡು, "ನಾ ಅಂಬಕ್ಕನ ಪಾರ್ಟು ಮಾಡತೇನ್ರಿ," ಅಂದಳು.

ನವೆಂಬರಿನಿಂದ ಭಾನುವಾರಕ್ಕೊಮ್ಮೆ ತಾಲೀಮು. ಮೊದಲ ತಾಲೀಮಿಗೆ ನಾನೂ ಎರಡು ಬಸ್ಸು ಬದಲಿಸಿ ಅವಳ ಜೊತೆ ಸುರೇಬಾನಕ್ಕೆ ಹೋದೆ. ಸಾಲಿಯ ಪಡಸಾಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಎಲ್ಲರೂ ಕೂತಿದ್ದರು. ಸುಬೇದಾರನ ಪಾತ್ರ ಬಸ್ ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ ಇಟ್ಟಿರುವ ಸಿದ್ಧಾರೂಢನದು. ಬಹಳ ಸಾಧು ಮನುಷ್ಯ, ವಿಗ್ಗು ಎಳೆಯುವ ಮೊದಲು "ನೋವಾದ್ರ ಹೇಳ್ರಿ" ಅನ್ನುವಂಥವ. ಸೋಮಪ್ಪ ಮಾಲಾಳ ಕೈಗೆ ರಬ್ಬರಿನ ಬೋಳುತಲೆಯ ಟೊಪ್ಪಿಗೆ ಕೊಟ್ಟ. ವಿಗ್ಗಿನ ಕೆಳಗೆ ಹಾಕಿಕೊಳ್ಳಲಿಕ್ಕೆ.

"ಇದನ್ನ ನಾ ಹಾಕೂದಿಲ್ರಿ ಸೋಮಪ್ಪಣ್ಣಾರ," ಅಂದಳು ಮಾಲಾ.

"ಯಾಕ ಬೇ ಯವ್ವಾ? ನೂರ ವರ್ಷದ ಪದ್ಧತಿ ಐತಿ ಅದು. ಮೊದಲ ನಮ್ಮ ಮುತ್ತ್ಯಾ ಅಂಬಕ್ಕ ಆಗತಿದ್ದ. ಅಂವಂದ ಖರೇನ ಬೋಳ ತಲಿ ಇತ್ತು. ವಿಗ್ಗಾ ಎಳದ್ರ ಮುತ್ತ್ಯಾನ ಬೋಳ ತಲಿ ಕಂಡ ಮಂದಿ ಹೋ ಅಂತಿದ್ರು."

ನನಗೆ ತಡೆಯಲಾಗಲಿಲ್ಲ. "ಅಲ್ರಿ ಸೋಮಪ್ಪನವರ, ಆವಾಗ ಮಂದಿ ನಕ್ಕಿದ್ದು ನಿಮ್ಮ ಮುತ್ತ್ಯಾಗ. ಗಂಡಸು ಸೀರಿ ಉಟ್ಟಾನಂತ ನಕ್ರು. ಈಗ ಹೆಣ್ಣಮಗಳು ಪಾರ್ಟು ಮಾಡಿದ್ರ ನಗೂದು ಯಾರಿಗೆ?"

ಅವನು ತಲೆ ಕೆರೆದುಕೊಂಡ. ಯಾವತ್ತೂ ಈ ಬಗ್ಗೆ ಯೋಚಿಸಿದವನಲ್ಲ. ಆದರೆ ವಿಗ್ಗು ಎಳೆಯುವುದು ಇಲ್ಲದಿದ್ದರೆ ಊರವರು ನಮ್ಮನ್ನು ಬಡಿಯುತ್ತಾರೆ, ಸಣ್ಣ ಮಕ್ಕಳೂ ಅದಕ್ಕೇ ಕಾಯ್ದಿರುತ್ತವೆ ಎಂದು ಹಟ ಹಿಡಿದ. ಮಾಲಾಳೇ ಮಧ್ಯೆ ಬಂದಳು.

"ಎಳೀರಿ. ವಿಗ್ಗಾ ಎಳದ್ರ ನನಗ ಬ್ಯಾಸರ ಇಲ್ಲ. ಟೊಪ್ಪಿಗಿ ಹಾಕೂದಿಲ್ಲ, ಓಡೂದಿಲ್ಲ. ಇಷ್ಟ."

"ಓಡದಿದ್ರ ಎಲ್ಲಿ ಹೋಗತಿ? ಮುಂದ ನಿನಗ ಮಾತಿಲ್ಲಲಾ?"

"ಅಲ್ಲೇ ನಿಂದರತೇನ್ರಿ."

"ನಿಂದರೂದೇನ, ನಿಂದರು. ಯಾರ ಬ್ಯಾಡಂತಾರ!" ಎಂದು ಸೋಮಪ್ಪ ನಕ್ಕುಬಿಟ್ಟ. ತಾನೇ ಗೆದ್ದೆ ಎಂದು ಅವನಿಗೆ ಅನಿಸಿರಬೇಕು.

ನನಗೂ ಹಾಗೇ ಅನಿಸಿತು, ಅದಕ್ಕೇ ಮೈ ಉರಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಚೀಲದಿಂದ ಒಂದು ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಅಂಬಕ್ಕನಿಗಾಗಿ ನಾನು ಬರೆದ ಭಾಷಣ, ಎರಡು ಪುಟ. ಹೆಣ್ಣಿನ ಜನ್ಮ, ಸಾವಿರ ವರ್ಷದ ಅನ್ಯಾಯ, ಎಲ್ಲ ಇತ್ತು ಅದರಲ್ಲಿ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಮಾಲಾ ಮನಸ್ಸಿಟ್ಟು ಓದಿ ಮಡಿಚಿ ಮರಳಿ ಕೊಟ್ಟಳು.

"ಭಾಳ ಛಲೋ ಐತ್ರಿ. ಖರೆ ಇದು ನಿಮ್ಮ ಮಾತು, ಅಂಬಕ್ಕಂದಲ್ಲ. ಮತ್ತ ಎದುರಿನವರು ಕೇಳದ ನಾ ಹೆಂಗ ಮಾತಾಡ್ಲಿ? ಅವರ ಕಡೀ ಮಾತು ನನಗ ಬರಬೇಕಲ್ರಿ. ಹಂಗ ನಡುವ ಬಾಯಿ ಹಾಕಿದ್ರ ಸಿದ್ಧಾರೂಢ ದಾರಿ ತಪ್ಪತಾನ. ಪಾಪ, ಮೊದಲ ಅಂವಗ ಮಾತು ನೆನಪ ಇರೂದಿಲ್ಲ."

"ಅಂದ್ರ ಸುಮ್ನ ನಿಂತು ಮಂದಿ ನಗೂದು ನೋಡತಿ?"

"ನೋಡತೇನ್ರಿ," ಅಂದಳು. ನಾನು ಎರಡು ವಾರ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ಗುರುವಾರ ಸ್ನೇಹಲ್‌ಳ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದಳು. ಹೋಳಿಗೆ ತಿಂದು ಸಿಟ್ಟು ಬಿಟ್ಟೆ. ಏನು ಮಾಡುವುದು, ನನ್ನ ಸಿಟ್ಟು ಅಷ್ಟರದೇ.

ಜನವರಿಯ ಆ ಭಾನುವಾರ ಮಧ್ಯಾಹ್ನ ಮೂರೂವರೆಗೆ ನಾಟಕ. ಸಾಲಿಯ ಬಯಲಲ್ಲಿ ಪೆಂಡಾಲು. ಗಂಡಸರು ಕುರ್ಚಿಗಳ ಮೇಲೆ, ಹೆಂಗಸರು ಮುಂದೆ ತಾಡಪತ್ರಿಯ ಮೇಲೆ. ನನಗೆ ಕುರ್ಚಿ ಕೊಟ್ಟರು, ನಾನು ತಾಡಪತ್ರಿಗೇ ಹೋಗಿ ಕೂತೆ. ಪಕ್ಕದಲ್ಲಿ ಕೆಂಚವ್ವ ಎಂಬ ಮುದುಕಿ, ಎಂಬತ್ತರ ಮೇಲಾಗಿರಬೇಕು. ಈ ನಾಟಕವನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಮುಂದೆ ಬರುವುದನ್ನೆಲ್ಲ ನನಗೆ ಮೊದಲೇ ಹೇಳುತ್ತಿದ್ದಳು.

ಎರಡನೆಯ ಅಂಕ ಬಂತು. ಮಾಲಾ ಒಂದು ಶಬ್ದವನ್ನೂ ಬದಲಿಸಲಿಲ್ಲ. ಆದರೆ ಪ್ರತಿ ಪ್ರಶ್ನೆ ಕೇಳಿದ ಮೇಲೆ ತಲೆ ವಾರೆ ಮಾಡಿ ಉತ್ತರಕ್ಕಾಗಿ ಕಾಯ್ದಳು. ಸಿದ್ಧಾರೂಢನ ತಮಾಷೆ ಮುಗಿದ ಮೇಲೂ ಕಾಯುತ್ತಲೇ ಇದ್ದಳು. "ಮುಂಜಾನೆ ಬಿಗಲ್ ಎಷ್ಟಕ್ಕ ಊದತಾರ?" ಎಂದಾಗ ಹಿಂದಿನ ಕುರ್ಚಿಗಳಲ್ಲಿ ಯಾರೋ ಗಕ್ಕನೆ ನಕ್ಕರು. ಊರಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು ಇದ್ದರು. ಅವರಲ್ಲೊಬ್ಬರು "ಹೇಳೋ ಹೇಳೋ, ಎಷ್ಟಕ್ಕ ಊದತಾರ?" ಎಂದು ಕೂಗಿದರು. ಪೆಂಡಾಲೆಲ್ಲ ನಗು. ಈ ಸಲ ನಗು ಸುಬೇದಾರನ ಕಡೆ ಹೋಗಿತ್ತು. ಕೆಂಚವ್ವ ನನ್ನನ್ನು ತಿವಿದು, "ಈಕಿಗೆ ಗೊತ್ತೈತಿ ನೋಡ್ರಿ, ಅಂವ ಸುಳ್ಳ ಅದಾನಂತ," ಅಂದಳು. ಅಷ್ಟು ಸಲ ನೋಡಿದವಳಿಗೆ ಅವತ್ತು ಗೊತ್ತಾಯಿತು.

ಕೊನೆಯ ಅಂಕ. ಸಿದ್ಧಾರೂಢ ವಿಗ್ಗು ಎಳೆದ. ಪೆಂಡಾಲು ಹೋ ಎಂದಿತು. ಬೋಳುತಲೆ ಕಾಣಲಿಲ್ಲ. ಅರ್ಧ ಬೆಳ್ಳಗಾದ, ನೆತ್ತಿಯಲ್ಲಿ ತೆಳ್ಳಗಾದ ಮಾಲಾಳದೇ ಕೂದಲು ಕಂಡಿತು. ಇಪ್ಪತ್ತೆರಡು ವರ್ಷ ನಾಯಕಿಯಾಗಿ ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ ಹಚ್ಚಿದವಳು ಜೂನಿನಿಂದ ಹಚ್ಚಿರಲಿಲ್ಲ. ಹನ್ನೆರಡು ವರ್ಷ ಅವಳನ್ನು ಚಂಪಾ ಎಂದು ನೋಡಿದ ಊರು ಅದು. ನಗು ಇನ್ನೂ ನಡೆದಿತ್ತು, ಅವಳು ಓಡಲಿ ಎಂದು ಎಲ್ಲರೂ ಕಾಯುತ್ತಿದ್ದರು. ಅವಳು ಓಡಲಿಲ್ಲ. ಕೈ ಎತ್ತಿ ತಲೆ ಮುಚ್ಚಿಕೊಳ್ಳಲೂ ಇಲ್ಲ. ನಡುವೆ ನಿಂತು ಜನರನ್ನು ನೋಡಿದಳು.

ನಗು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗಿ ನಿಂತಿತು. ನಾಟಕ ಮುಂದುವರಿಯಿತು. ಸಿದ್ಧಾರೂಢನಿಗೆ ಕೈಯಲ್ಲಿದ್ದ ವಿಗ್ಗನ್ನು ಎಲ್ಲಿಡಬೇಕೋ ತಿಳಿಯದು, ಅವಳು ಅದನ್ನು ತೆಗೆದುಕೊಂಡು ಓಡುವುದು ಪದ್ಧತಿ. ಅದನ್ನು ಹಿಡಿದುಕೊಂಡೇ ಪ್ರೇಮದ ಮಾತಾಡಿದ. ಅಣ್ಣನ ಪಾತ್ರದವ "ಈ ಮನೆಯನ್ನು ನಿಮಗೆ ಬರೆದುಕೊಡುತ್ತೇನೆ" ಅಂದಾಗ ಮಾಲಾ ತಿರುಗಿ ಅವನ ಮುಖ ನೋಡಿದಳು, ಅಷ್ಟೇ. ಅವನು ಆ ಮಾತನ್ನು ಅರ್ಧಕ್ಕೆ ನುಂಗಿದ. ಯಾರು ಮಾತಾಡಿದರೂ ಅವಳು ಅವರ ಕಡೆ ತಿರುಗಿ ಕೇಳುತ್ತಿದ್ದಳು. ಒಬ್ಬರೂ ಅವಳನ್ನು ದಾಟಿ ಹೋಗಲಾರದಂತಾಯಿತು. ಹನ್ನೊಂದು ಪುಟ ಎಷ್ಟು ಉದ್ದ ಎಂದು ನನಗೆ ಅವತ್ತು ತಿಳಿಯಿತು.

ಚಂಪಾಳ ಕೊನೆಯ ಮಾತು ಬಂತು. "ಅಪ್ಪಾ, ನಿಮ್ಮ ಇಚ್ಛೆಯೇ ನನ್ನ ಇಚ್ಛೆ" ಎಂದು ಹೇಳಿ ಕಾಲಿಗೆ ಬೀಳಬೇಕು, ಪರದೆ ಬೀಳಬೇಕು. ಮಹಾನಂದಾ "ಅಪ್ಪಾ, ನಿಮ್ಮ" ಅಂದು ನಿಂತುಬಿಟ್ಟಳು. ಪರದೆಯ ಹಿಂದಿನಿಂದ ಸೋಮಪ್ಪ "ಇಚ್ಛೆಯೇ! ನಿಮ್ಮ ಇಚ್ಛೆಯೇ!" ಎಂದು ಹೇಳಿಕೊಡುವುದು ಕೊನೆಯ ಸಾಲಿನವರೆಗೂ ಕೇಳಿಸಿತು. ಹುಡುಗಿ ಅತ್ತ ಲಕ್ಷ್ಯ ಕೊಡಲಿಲ್ಲ. ಅಪ್ಪನನ್ನು ಬಿಟ್ಟು ಮಾಲಾಳ ಎದುರಿಗೆ ಬಂದಳು.

"ಅತ್ತೀ, ಮನಿ ನಿಮ್ಮದು. ನೀವೇನಂತೀರಿ?"

ಇದು ಯಾವ ತಾಲೀಮಿನಲ್ಲೂ ಇರಲಿಲ್ಲ. ಮಾಲಾ ಆಮೇಲೆ ಆಣೆ ಮಾಡಿ ಹೇಳಿದ್ದಾಳೆ, ನಾನು ನಂಬಿದ್ದೇನೆ. ಅವಳು ಸಿದ್ಧಾರೂಢನ ಕಡೆ ತಿರುಗಿದಳು.

"ಏನ್ ಸುಬೇದಾರ, ನಿಂದು ಬಂದೂಕ ಹಿಡದ ಕೈ ಅಲ್ಲ ಅಂತ ಮೊದಲ ದಿನಾನ ಗೊತ್ತಾಗಿತ್ತು ನನಗ. ಹೆಣ್ಣಮಕ್ಕಳ ಕೂದಲಾ ಹಿಡ್ಯಾಕ ಅಷ್ಟ ಬರತೈತಿ. ಖರೇ ಹೇಳು. ಏನ್ ಕೆಲಸಾ ಮಾಡ್ತಿ ನೀ?"

ಪಾಪ, ಸಿದ್ಧಾರೂಢನಿಗೆ ಇಂಥ ಮಾತಿಗೆ ಉತ್ತರ ಕಲಿಸಿರಲಿಲ್ಲ. ಪರದೆಯ ಕಡೆ ನೋಡಿದ, ಸೋಮಪ್ಪನೂ ಸುಮ್ಮನಾಗಿದ್ದ. ಕೊನೆಗೆ ವಿಗ್ಗನ್ನು ಎದೆಗೆ ಅವಚಿಕೊಂಡು, "ಟೇಲರ್ ಅದೇನ್ರಿ ಅವ್ವಾರ. ಬಸ್ ಸ್ಟ್ಯಾಂಡ್ ಬಾಜೂಕ ಅಂಗಡಿ ಐತಿ," ಎಂದು ಖರೇ ಖರೇ ಹೇಳಿಬಿಟ್ಟ.

ಪೆಂಡಾಲು ಹಾರಿಹೋಗುವಂತೆ ನಕ್ಕಿತು. ಕೆಂಚವ್ವ ನನ್ನ ತೊಡೆಯ ಮೇಲೆ ಹೊಡೆದು ಹೊಡೆದು ನಕ್ಕಳು. ಮಾಲಾ ಆ ನಗು ಇಳಿಯುವ ತನಕ ಕಾಯ್ದಳು. ಅದು ಅವಳೇ ನಗಿಸಿದ ನಗು.

"ಛಲೋ ಆತು. ದುಡದ ತಿನ್ನಾಂವ ಅಂದಂಗಾತು. ಇದನ್ನ ಮೊದಲ ಹೇಳಿದ್ದಿ ಅಂದ್ರ ಮೂರ ಅಂಕ ಉಳೀತಿದ್ವು," ಅಂದಳು. ಆಮೇಲೆ ಮಹಾನಂದಾಳ ಗಲ್ಲ ಹಿಡಿದಳು. ಅವಳ ಧ್ವನಿ ಮೆತ್ತಗಾಯಿತು. "ಯವ್ವಾ, ಈಗ ನೀ ವಿಚಾರ ಮಾಡು. ಹೂಂ ಅನ್ನು, ಒಲ್ಲೆ ಅನ್ನು. ಇವತ್ತ ಹೇಳಬೇಕಂತೇನಿಲ್ಲ. ಮನಿ ನಂದು. ಎಷ್ಟ ದಿನಾ ಬೇಕ ಅಷ್ಟ ದಿನಾ ಇರು."

ಸಿದ್ಧಾರೂಢನ ಕೈಯಿಂದ ವಿಗ್ಗು ತೆಗೆದುಕೊಂಡು, ಧೂಳು ಜಾಡಿಸಿ, ಅಣ್ಣನ ಕುರ್ಚಿಯ ಮೇಲೆ ಹೋಗಿ ಕೂತಳು. ಪರದೆ ಬಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ, ಸವದತ್ತಿಯ ಆ ಅಜ್ಜಿಗಾಗಿ, ಹತ್ತೊಂಬತ್ತು ವರ್ಷದ ನನ್ನ ದಡ್ಡತನಕ್ಕಾಗಿ, ಮತ್ತು ಖುಷಿಗೆ.

ಮಾಲಾ, ಮಹಾನಂದಾ ಬಣ್ಣ ಒರೆಸಿಕೊಳ್ಳುತ್ತಿದ್ದ ಕೋಣೆಗೆ ಸೋಮಪ್ಪ ಕೆಂಡದಂಥ ಮುಖ ಮಾಡಿಕೊಂಡು ಬಂದ. "ನೂರ ವರ್ಷದ ನಾಟಕಾ ಕೆಡಿಸಿದ್ರಿ ಇಬ್ಬರೂ ಕೂಡಿ!" ಎಂದು ಆರಂಭಿಸಿದ. ಅಷ್ಟರಲ್ಲಿ ಹೊರಗಿನಿಂದ ನಾಲ್ಕು ಮಂದಿ ಬಂದು ಅವನ ಕೈ ಕುಲುಕಿ, ಇಂಥ ನಾಟಕ ಹಿಂದೆಂದೂ ಆಡಿಸಿಲ್ಲ ನೀವು, ಭಾರಿ ಆಯಿತು ಅಂದರು. ಮಿಲಿಟರಿಯವರು ಬಂದು ಮಾಲಾಳಿಗೆ ಸೆಲ್ಯೂಟ್ ಹೊಡೆದರು. ಸೋಮಪ್ಪ ಅಲ್ಲಿ ಇಲ್ಲಿ ನೋಡಿ, "ಆ ಕಡೀ ಮಾತು ಬರದ ಕೊಡಬೇಕ ಬೇ ಯವ್ವಾ. ಮುಂದಿನ ವರ್ಷ ನೀನ ಅಂಬಕ್ಕ. ಮತ್ತ ಯಾರಿಗೂ ಕೊಡೂದಿಲ್ಲ ನಾ ಆ ಪಾರ್ಟು," ಅಂದ.

ಸೂರ್ಯ ಇಳಿಯುವ ಹೊತ್ತಿಗೆ ನಾವು ರಾಮದುರ್ಗದ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಮಾಲಾ ಮುಖ ತೊಳೆದಿದ್ದಳು, ತಲೆಯ ಮೇಲೆ ಸೆರಗು ಹೊದ್ದಿರಲಿಲ್ಲ. ಕೆಂಚವ್ವ ಕೋಲೂರಿಕೊಂಡು ಅಲ್ಲಿಗೂ ಬಂದಳು. ಮಾಲಾಳ ಕೂದಲನ್ನು ಒಂದು ಸಲ ಮುಟ್ಟಿ ನೋಡಿದಳು. ಅವಳಿಗೆ ಏನೋ ಕೇಳುವುದಿತ್ತು.

"ಅಲ್ಲ ಯವ್ವಾ, ಇಷ್ಟ ವರ್ಷಾ ಅಂಬಕ್ಕ ಯಾಕ ಓಡಿ ಹೋಗತಿದ್ಲು?"

ಮಾಲಾ ನಕ್ಕಳು. "ಎಲ್ಲಾರೂ ನಗತಾರಂತ ಓಡತಿದ್ಲು ಕಾಣತೈತಿ ಬೇ ಆಯಿ."

ಕೆಂಚವ್ವ ತಲೆ ಅಲ್ಲಾಡಿಸಿದಳು. ಅವಳಿಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ.

"ಹುಚ್ಚಿ," ಅಂದಳು, "ಮನಿ ಆಕೀದ ಇತ್ತಲ್ಲ."